ಅಮಲ್ದಾರರ ತಲೆಯ ಮೇಲಿಂದ

ಸರ್ಕಾರಿ ನೌಕರ ನಗೆಪಾಟಲಾಗಬೇಕಾದರೆ ಕಚೇರಿಯ ವೇಳೆಯಲ್ಲೇ ಆಗಬೇಕೆಂದು ಎಲ್ಲೂ ರೂಲು ಇಲ್ಲ. ನನಗಂತೂ ಅದು ಹೆಚ್ಚಾಗಿ ಸಂಜೆ ಐದರ ಮೇಲೆಯೇ ಆಗುತ್ತಿತ್ತು, ಅದೂ ಕೈಯಲ್ಲಿ ಬ್ಯಾಟು ಹಿಡಿದಾಗ. ಆಗ ಮಹಾರಾಜರ ಕಾಲ. ನಾನು ಪಿರಿಯಾಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಎರಡನೆಯ ಗುಮಾಸ್ತ. ಈಗ ಮೊಮ್ಮಕ್ಕಳು, "ತಾತ, ನೀನು ಆಟ ಆಡ್ತಿದ್ಯಾ?" ಎಂದು ಕೇಳುತ್ತವೆ. "ಆಡ್ತಿರ್ಲಿಲ್ಲ ಕಣ್ರೋ, ಆಡಿಸ್ತಿದ್ರು" ಅನ್ನುತ್ತೇನೆ.

೧. ಹೊಸ ರಿಜಿಸ್ಟರು

ಹೊಸದಾಗಿ ಬಂದ ಅಮಲ್ದಾರರು ಗಾಡಿಯಿಂದ ಇಳಿಸಿದ ಮೊದಲ ಸಾಮಾನು ಒಂದು ಉದ್ದನೆಯ ಪೆಟ್ಟಿಗೆ. ಅದರಲ್ಲಿ ಏನಿದೆಯೆಂದು ಇಡೀ ಕಚೇರಿ ಒಂದು ದಿನ ಕೆಲಸ ಬಿಟ್ಟು ಯೋಚಿಸಿತು. ಬಂದೂಕು ಅಂದವರೇ ಹೆಚ್ಚು. ಮಾರನೆಯ ದಿನ ಅವರು ನನ್ನನ್ನು ಒಳಗೆ ಕರೆಸಿ, ಮೇಲಿನಿಂದ ಕೆಳಗಿನವರೆಗೆ ಒಂದು ಸಲ ನೋಡಿದರು. ಕಚೇರಿಯಲ್ಲಿ ಹೊಟ್ಟೆ ಬರದೆ ಇದ್ದವನು ನಾನೊಬ್ಬನೇ.

"ಬ್ಯಾಡ್ಮಿಂಟನ್ ಬರುತ್ತೇನಯ್ಯ ನಿನಗೆ?"

ಮೇಲಿನವರು ಬರುತ್ತಾ ಎಂದು ಕೇಳಿದರೆ ಬರುತ್ತೆ ಎನ್ನುವುದು ನಮ್ಮ ಕಚೇರಿಯ ಸಂಪ್ರದಾಯ. ಬಾರದಿದ್ದರೆ ಆಮೇಲೆ ಯಾರನ್ನಾದರೂ ಕೇಳಿ ಕಲಿತುಕೊಳ್ಳುವುದು. ಇದು ಮೇಲಿನ ಹುಜೂರು ಕಚೇರಿಯಿಂದ ಹೊಸದಾಗಿ ಬಂದ ಯಾವುದೋ ರಿಜಿಸ್ಟರು ಇರಬೇಕೆಂದುಕೊಂಡೆ.

"ಬರುತ್ತೆ ಸ್ವಾಮಿ. ಹೋದ ವರ್ಷದ್ದೂ ನಾನೇ ಬರೆದದ್ದು" ಅಂದೆ.

ಅಮಲ್ದಾರರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಸಂಜೆ ಐದೂವರೆಗೆ ಕಚೇರಿ ಹಿಂದಕ್ಕೆ ಬಾ. ಅದನ್ನ ಹೇಗೆ ಬರೀತಾರೆ ಅಂತ ನಾನೂ ನೋಡ್ಬೇಕು" ಅಂದರು.

೨. ಅರ್ಜಿಯಂಥ ಹೊಡೆತ

ಕಚೇರಿಯ ಹಿಂದೆ ಸಗಣಿ ಸಾರಿಸಿ, ರಾಗಿ ಬಡಿಯುವ ಕಣದ ಹಾಗೆ ಗಟ್ಟಿ ಮಾಡಿದ ಜಾಗದಲ್ಲಿ ನೆಟ್ಟು ಕಟ್ಟಿಸಿದರು. ಅಮಲ್ದಾರರು, ಆಸ್ಪತ್ರೆಯ ಡಾಕ್ಟರು, ಸ್ಕೂಲಿನ ಹೆಡ್‌ಮೇಷ್ಟ್ರು, ನಾಲ್ಕನೆಯವನು ನಾನು. ಬೆಂಡಿಗೆ ಸುತ್ತಲೂ ಬಿಳಿ ಪುಕ್ಕ ಸಿಕ್ಕಿಸಿದ ಆ ಚೆಂಡಿಗೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು. ಅದನ್ನು ಹೆಕ್ಕಿ ಕೊಡುತ್ತಿದ್ದ ನಮ್ಮ ಕಚೇರಿಯ ಜವಾನ ಮೊದಲ ದಿನವೇ ಅದನ್ನು ‘ಹಕ್ಕಿ’ ಅಂದ. ಆಮೇಲೆ ಎಲ್ಲರಿಗೂ ಅದು ಹಕ್ಕಿಯೇ ಆಯಿತು.

ಮೊದಲ ದಿನ ಹಕ್ಕಿ ನನ್ನ ತಲೆಯ ಮೇಲೆ ಬಂತು. ಬಟ್ಟೆ ಒಗೆಯುವ ಹಾಗೆ ಎತ್ತಿ ಕುಕ್ಕಿದೆ. ಅದು ನೇರವಾಗಿ ಹೋಗಿ ಅಮಲ್ದಾರರ ಎದೆಗೆ ಬಡಿಯಿತು.

"ಏನಯ್ಯ, ಮೇಲಧಿಕಾರಿ ಮೇಲೆ ಕೈ ಮಾಡ್ತೀಯ?"

ಹೆದರಿ ಮುಂದಿನ ಸಲ ಮೆತ್ತಗೆ ಮುಟ್ಟಿಸಿದೆ. ಹಕ್ಕಿ ನೆಟ್ಟಿನ ಬುಡಕ್ಕೆ ಬಿತ್ತು. ಅಮಲ್ದಾರರು ಓಡಿ ಬಂದು, ನನ್ನ ಮುಂದೆ ಸೊಂಟ ಬಗ್ಗಿಸಿ, ಕೈ ಚಾಚಿ, ಹಾಗೇ ನಿಂತುಬಿಟ್ಟರು. ಎದ್ದು ನಿಲ್ಲಲು ಡಾಕ್ಟರ ಸಹಾಯ ಬೇಕಾಯಿತು.

"ನಿನಗೆ ನಾನು ನಮಸ್ಕಾರ ಮಾಡ್ಬೇಕೇನಯ್ಯ?"

ಅವತ್ತೇ ನನ್ನ ಹಣೆಬರಹವನ್ನೂ ಹೇಳಿದರು. ಮುಂದಿನ ತಿಂಗಳು ಹುಣಸೂರಿನಲ್ಲಿ ಅಸಿಸ್ಟೆಂಟ್ ಕಮಿಷನರ್ ಸಾಹೇಬರ ಬಂಗಲೆಯಲ್ಲಿ ಮ್ಯಾಚು. ಅಮಲ್ದಾರರ ಕಡೆ ಜೋಡಿಯಾಗಿ ನಾನು. "ಸಾಹೇಬರ ಮುಂದೆ ಹೀಗೆಲ್ಲ ಆಡಿ ನನ್ನ ಮಾನ ಕಳೆದೆಯೋ, ಕೋಟೆಯಲ್ಲಿ ಒಂದು ಗುಮಾಸ್ತನ ಜಾಗ ಖಾಲಿ ಇದೆ, ಗೊತ್ತಲ್ಲ?"

ಗೊತ್ತಿಲ್ಲದೆ ಏನು. ಹೆಗ್ಗಡದೇವನಕೋಟೆ ಅಂದರೆ ಆಗ ಚಳಿಜ್ವರದ ಊರು. ಅಲ್ಲಿಗೆ ವರ್ಗವಾದವನು ಮೊದಲು ಕಂಬಳಿ ಕೊಳ್ಳುತ್ತಿದ್ದ, ಆಮೇಲೆ ಕ್ವಿನೈನು. ನನಗೆ ಮದುವೆಯಾಗಿ ಇನ್ನೂ ಮೂರು ತಿಂಗಳು. ಕೃಷ್ಣರಾಜನಗರದ ಮಾವ ಹೆಣ್ಣು ಕೊಡುವಾಗಲೇ ಖಡಾಖಂಡಿತವಾಗಿ ಹೇಳಿದ್ದರು: "ಎಲ್ಲಿಗಾದ್ರೂ ವರ್ಗ ಆಗ್ಲಿ, ಕೋಟೆಗಾದ್ರೆ ನನ್ ಮಗಳು ನನ್ ಮನೇಲಿರ್ತಾಳೆ ಕಣಪ್ಪ. ಬೇಸ್ರ ಮಾಡ್ಕಬ್ಯಾಡ." ನನಗೋ ಅವಳೆಂದರೆ ಪ್ರಾಣ. ಸಂಜೆ ಹೊಸಿಲ ಮೇಲೆ ಅವಳು ಕಾಣದಿದ್ದರೆ ಕಾಫಿಯೂ ಇಳಿಯುತ್ತಿರಲಿಲ್ಲ.

ಡಾಕ್ಟರ ಹತ್ತಿರ ಹೋಗಿ ಅತ್ತುಕೊಂಡೆ. ಅವರು ಸಮಾಧಾನ ಹೇಳಿದರು.

"ಅಮಲ್ದಾರರಿಗೆ ನೀನು ಕುಕ್ಕಿ ಹೊಡೆಯೋ ಹಾಗಿಲ್ಲ, ಮೆತ್ತಗೆ ಇಳಿಸೋ ಹಾಗೂ ಇಲ್ಲ. ಗುಮಾಸ್ತನಿಗೆ ಹೇಳಿ ಮಾಡಿಸಿದ ಹೊಡೆತ ಒಂದಿದೆ. ಕ್ಲಿಯರ್ ಅಂತ. ತಲೆ ಮೇಲಿಂದ ಹೊಡೆದು ಎದುರಿನವರ ಕೊನೇ ಗೆರೆಗೆ ಕಳಿಸೋದು. ಅದು ಸರ್ಕಾರಕ್ಕೆ ಅರ್ಜಿ ಹಾಕಿದ ಹಾಗೆ. ಮೇಲಕ್ಕೆ ಹೋಗ್ಬೇಕು, ಹಿಂದಕ್ಕೆ ಹೋಗ್ಬೇಕು, ಕೆಳಗಿಳಿಯೋಕೆ ಮಾತ್ರ ಸಾವಕಾಶ ಆಗ್ಬೇಕು."

೩. ಪೇಟ

ಡಾಕ್ಟರ ಬಳಿ ಒಂದು ಇಂಗ್ಲಿಷ್ ಪುಸ್ತಕವಿತ್ತು. ಅವರು ಗೆರೆಯ ಆಚೆ ನಿಂತು ಓದುವುದು, ನಾನು ಅದರಂತೆ ನಿಲ್ಲುವುದು. ಎದುರಿಗೆ ಅಮಲ್ದಾರರು.

"ಎದೆ ಎದುರಿಗೆ ಕೊಡಬೇಡ, ಪಕ್ಕಕ್ಕೆ ತಿರುಗು" ಅಂದರು ಡಾಕ್ಟರು. ತಿರುಗಿದೆ.

"ಎಡಗೈ ಎತ್ತಿ ಹಕ್ಕಿಯ ಕಡೆ ತೋರಿಸು." ತೋರಿಸಿದೆ.

"ಬ್ಯಾಟನ್ನು ತಲೆಯ ಹಿಂದೆ ಇಳಿಬಿಡು, ಬೆನ್ನು ಕೆರೆದುಕೊಳ್ಳುವ ಹಾಗೆ." ಇಳಿಬಿಟ್ಟೆ.

ಅಮಲ್ದಾರರು ಆಟ ನಿಲ್ಲಿಸಿದರು. "ಡಾಕ್ಟರೇ, ಏನ್ರೀ ಇದು? ನನ್ನ ಎದುರಿಗೆ ಪಕ್ಕ ತಿರುಗಿಸಿ ನಿಂತಿದಾನೆ, ಎಡಗೈ ತೋರಿಸ್ತಾನೆ, ಬೆನ್ನು ಕೆರ್ಕೊಳ್ತಾನೆ. ಈ ಪುಸ್ತಕ ಬರೆದೋನು ಯಾರ ಕೈ ಕೆಳಗೆ ಕೆಲಸ ಮಾಡಿದ್ದ?"

ಕ್ಲಬ್ಬಿನ ಮಟ್ಟಿಗೆ ಇದೆಲ್ಲ ಮಾಫಿ ಎಂದು ಡಾಕ್ಟರು ಒಪ್ಪಿಸಿದರು. ಒಪ್ಪದೆ ಉಳಿದದ್ದು ಒಂದೇ, ಪೇಟ. ಕಚ್ಚೆ ಪಂಚೆ, ಉದ್ದ ಕೋಟು, ತಲೆಗೆ ಸರಿಗೆಯ ಪೇಟ, ಇದು ನಮ್ಮ ಉಡುಪು. ಅಧಿಕಾರಿಯ ಎದುರಿಗೆ ಬರಿದಲೆಯಲ್ಲಿ ನಿಲ್ಲುವುದೆಂದರೆ ಅವರ ಮನೆಗೆ ಕೇಡು ಬಯಸಿದಂತೆ. ನಮ್ಮ ಅಮಲ್ದಾರರು ಈ ವಿಷಯದಲ್ಲಿ ಹಳೆಯ ಕಾಲದವರು. ಆಡುವಾಗಲೂ ಅವರ ತಲೆಯ ಮೇಲೆ ಪೇಟ, ನನ್ನ ತಲೆಯ ಮೇಲೂ ಪೇಟ.

ತಲೆಯ ಹಿಂದಿನಿಂದ ಬ್ಯಾಟು ಬರಬೇಕು, ಬರುವ ದಾರಿಯಲ್ಲಿ ಪೇಟ ಕೂತಿದೆ. ಬಲವಾಗಿ ಬೀಸಿದೆ. ಹಕ್ಕಿ ನನ್ನ ಕಾಲ ಹತ್ತಿರ ಬಿತ್ತು. ಪೇಟ ಮಾತ್ರ ಬ್ಯಾಟಿನ ಅಂಚಿಗೆ ಸಿಕ್ಕಿ, ಸರಿಗೆಯ ತುದಿ ಬಿಚ್ಚಿಕೊಂಡು, ಚೆನ್ನಾಗಿ ಎತ್ತರಕ್ಕೆ ಎದ್ದು ನೆಟ್ಟು ದಾಟಿತು.

ಆಡುವಾಗ ಅಮಲ್ದಾರರು ಕನ್ನಡಕ ಹಾಕುತ್ತಿರಲಿಲ್ಲ. "ಬಂತು, ನಂದು!" ಎಂದು ಕೂಗಿ, ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಪೇಟವನ್ನು ವಾಪಸು ಹೊಡೆದರು. ಅದು ನನ್ನ ಕೊನೆಯ ಗೆರೆಯ ಒಳಗೇ ಬಿತ್ತು. ಡಾಕ್ಟರು ಪಾಯಿಂಟು ಅಮಲ್ದಾರರಿಗೆ ಕೊಟ್ಟರು.

ಮನೆಗೆ ಹೋಗಿ ಹೇಳಿದರೆ ಹೆಂಡತಿ ಒಂದು ಮೊಳ ಲಾಡಿ ಹರಿದು, ಪೇಟದ ಎರಡೂ ಕಡೆಗೆ ಹೊಲಿದು, ನನ್ನ ಗಲ್ಲದ ಕೆಳಗೆ ಬಿಗಿಯಾಗಿ ಗಂಟು ಹಾಕಿದಳು. ಸ್ವಲ್ಪ ಹಿಂದಕ್ಕೆ ಸರಿದು ನೋಡಿದಳು.

"ಮಕ್ಕಳಿಗೆ ಕುಲಾವಿ ಕಟ್ಟೋದು ಹೆಂಗಪ್ಪ ಅಂತ ಹೆದರ್ತಿದ್ದೆ. ಈಗ ಅಭ್ಯಾಸ ಆಯ್ತು ಬುಡಿ" ಅಂದಳು.

೪. ಮೊದಲ ಕ್ಲಿಯರ್

ಪೇಟ ತಲೆಯ ಮೇಲೆ ನಿಂತಿತು, ಹೊಡೆತ ಮಾತ್ರ ಕೂಡಿಬರಲಿಲ್ಲ. ಹಕ್ಕಿ ನೆಟ್ಟಿನವರೆಗೆ ಹೋಗಿ ಅಲ್ಲೇ ಬೀಳುತ್ತಿತ್ತು. ಅಮಲ್ದಾರರಿಗೆ ತಾಳ್ಮೆ ತಪ್ಪಿತು. "ಕ್ಲಿಯರ್ ಮಾಡಯ್ಯ! ಎಷ್ಟು ದಿನ ಹೀಗೇ ಇಟ್ಕೊಂಡಿರ್ತೀಯ? ಕ್ಲಿಯರ್ ಮಾಡು!" ಎಂದು ಇಡೀ ಊರಿಗೆ ಕೇಳುವ ಹಾಗೆ ಕೂಗುತ್ತಿದ್ದರು.

ಬೆಟ್ಟದಪುರದ ಕಡೆಯ ಒಬ್ಬ ಒಕ್ಕಲಿಗರು ಹೊಲದ ಎಲ್ಲೆಯ ತಕರಾರಿಗಾಗಿ ಎರಡು ವರ್ಷದಿಂದ ಕಚೇರಿಗೆ ಓಡಾಡುತ್ತಿದ್ದರು. ಅವರು ಬಂದಾಗಲೆಲ್ಲ ನಾವು ಹೇಳುತ್ತಿದ್ದುದು ಒಂದೇ ಮಾತು: "ಇನ್ನೂ ಕ್ಲಿಯರ್ ಆಗಿಲ್ಲ, ಹೋಗಿ ಬನ್ನಿ." ಅವತ್ತು ಸಂಜೆ ಅವರು ಊರಿಗೆ ಹೋಗುವ ಗಾಡಿ ಕಾಯುತ್ತ ನಮ್ಮ ಬೇಲಿಯ ಪಕ್ಕ ನಿಂತಿದ್ದರಂತೆ.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅವರು ನನ್ನ ಮೇಜಿನ ಮುಂದೆ ಹಾಜರು. ಮೊದಲ ಸಲ ದನಿ ಎತ್ತಿ ಮಾತಾಡಿದರು.

"ಏನ್ ಸ್ವಾಮಿ ನಿಮ್ ನ್ಯಾಯ? ಅಮಲ್ದಾರ್ರು ನಿನ್ನೆ ಸಂಜೆ ನಿಮ್ಗೆ ಇಪ್ಪತ್ ಸತಿ ಏಳಿದ್ರು, ಕ್ಲಿಯರ್ ಮಾಡು ಕ್ಲಿಯರ್ ಮಾಡು ಅಂತ. ನನ್ ಕಿವಿಯಾರ ಕೇಳಿವ್ನಿ. ಎಷ್ಟ್ ದಿನ ಇಟ್ಕಂಡಿರ್ತೀಯ ಅಂತ್ಲೂ ಕೇಳಿದ್ರು. ನೀವು ಮಾಡ್ನಿಲ್ಲ. ಕೈಲಿ ಅದೇನೋ ಜಲ್ಡೆ ಇಡ್ಕಂಡು ಕುಣೀತಿದ್ರಿ."

ಗಲಾಟೆ ಕೇಳಿ ಅಮಲ್ದಾರರೇ ಹೊರಗೆ ಬಂದರು. ಒಕ್ಕಲಿಗರು ಕೈ ಮುಗಿದು, "ನಿಮ್ ಮಾತ್ಗೆ ಈವಯ್ಯ ಬೆಲೆನೇ ಕೊಡಾಕಿಲ್ಲ ಬುದ್ಧಿ" ಎಂದು ದೂರು ಕೊಟ್ಟರು. ತಾನು ಕೂಗಿದ್ದು ಹಕ್ಕಿಯ ವಿಷಯಕ್ಕೆ ಎಂದು ಎರಡು ವರ್ಷ ಕಾದವರಿಗೆ ಯಾವ ಅಮಲ್ದಾರ ಹೇಳಿಯಾನು? ಕಡತ ತರಿಸಿದರು, ನಿಂತಲ್ಲೇ ರುಜು ಹಾಕಿದರು.

ನನ್ನ ಸರ್ವೀಸಿನಲ್ಲಿ ನಾನು ಹೊಡೆದ ಮೊದಲ ಕ್ಲಿಯರ್ ಅದೇ.

೫. ಬೀರಿ

ಮ್ಯಾಚಿಗೆ ಹದಿನೈದು ದಿನ ಉಳಿಯಿತು. ಹಕ್ಕಿ ಹೆಕ್ಕಿ ಹೆಕ್ಕಿ ಸಾಕಾಗಿದ್ದ ಜವಾನ ಒಂದು ಸಂಜೆ ನನ್ನನ್ನು ಪಕ್ಕಕ್ಕೆ ಕರೆದ. ಅವನು ರಾವಂದೂರಿನವನು, ನನಗಿಂತ ಹದಿನೈದು ವರ್ಷ ದೊಡ್ಡವನು, ಮೀಸೆ ಅಮಲ್ದಾರರದಕ್ಕಿಂತ ಚೆನ್ನಾಗಿತ್ತು.

"ತಪ್ ತಿಳ್ಕಬ್ಯಾಡಿ ಬುದ್ಯೋರೆ. ನೀವು ಹಕ್ಕೀನ ಹೊಡ್ಯಾಕೋಯ್ತೀರಿ. ಅದ್ಕೇ ಅದು ಬೀಳೋದು. ಹೊಡೀಬ್ಯಾಡಿ. ಬೀರಿ."

"ಏನನ್ನ ಬೀರೋದೋ?"

"ಕಲ್ ಬೀರಾಂಗೆ, ಎಸ್ಯಾಂಗೆ. ಜೋಳದೊಲಕ್ಕೆ ಗಿಣಿ ಬಿದ್ರೆ ಏನ್ ಮಾಡ್ತೀವಿ? ಮೈ ಅಡ್ಡಕ್ ತಿರುಗ್ಸ್ತೀವಿ. ಎಡಗೈಲಿ ಅಗೋ ಅಲ್ಲಿ ಅದೆ ಅಂತ ಗುರಿ ಇಡ್ಕತೀವಿ. ಮೊಣಕೈ ಕಿವಿ ಮ್ಯಾಕ್ ಬತ್ತದೆ. ಹಿಂದ್ಲ್ ಕಾಲ್ನಿಂದ ಮುಂದ್ಲ್ ಕಾಲ್ಗೆ ಭಾರ ಬುಟ್ಟು, ಕೈ ಪೂರಾ ಚಾಚಿ ಬೀರ್ತೀವಿ. ಅಷ್ಟೇಯ."

ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಡಾಕ್ಟರು ಒಂದು ತಿಂಗಳಿಂದ ಇಂಗ್ಲಿಷಿನಲ್ಲಿ ಓದುತ್ತಿದ್ದುದು ಇದನ್ನೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ. ನಾನು ಒಕ್ಕಲು ಮನೆಯಲ್ಲಿ ಹುಟ್ಟಿದವನೇ, ಆದರೆ ಒಂಬತ್ತು ವರ್ಷಕ್ಕೇ ಮೈಸೂರಿಗೆ ಓದಲು ಕಳಿಸಿದರು. ಗಿಣಿಗೆ ಕಲ್ಲು ಬೀರುವ ವಿದ್ಯೆ ಬಿಟ್ಟು ಉಳಿದದ್ದನ್ನೆಲ್ಲ ಕಲಿತು ಬಂದಿದ್ದೆ.

ದಿನಾ ಬೆಳಗ್ಗೆ ಊರಾಚೆಯ ಗೋಣಿಮರದ ಹತ್ತಿರ ಅವನು ಕಲ್ಲು ಆರಿಸಿ ಕೊಡುವುದು, ನಾನು ಮರದ ಮೇಲಿಂದ ಆಚೆಗೆ ಬೀರುವುದು. ಮೊದಲ ಎರಡು ದಿನ ಕಲ್ಲು ಮರಕ್ಕೇ ಬಡಿದು ವಾಪಸು ಬಂತು. ನಾಲ್ಕನೆಯ ದಿನ ದಾಟಿತು. ಎಂಟನೆಯ ದಿನ ಆಚೆಯ ಹೊಲದವರು ಬಂದು ಬೈದರು. "ಆಯ್ತು, ಈಗ ಕಲ್ತ್ರಿ" ಅಂದ ಗುರು.

ಅವತ್ತು ಸಂಜೆ ಆಟಕ್ಕೆ ಇಳಿದೆವು. ಅಮಲ್ದಾರರು ಎತ್ತರಕ್ಕೆ ಹೊಡೆದರು. ನಾನು ಅಡ್ಡ ತಿರುಗಿದೆ, ಎಡಗೈ ಎತ್ತಿದೆ, ಮೊಣಕೈ ಕಿವಿಯ ಮೇಲಕ್ಕೆ ಬಂತು. ಬೇಲಿಯ ಕಡೆಯಿಂದ ಜವಾನ ಕೂಗಿದ: "ಬೀರಿ ಬುದ್ಯೋರೆ!"

ಎಂಟು ದಿನದ ಅಭ್ಯಾಸ. ಬೀರಿಯೇ ಬಿಟ್ಟೆ.

ಬ್ಯಾಟು ನೆಟ್ಟು ದಾಟಿ, ಅಮಲ್ದಾರರ ತಲೆ ದಾಟಿ, ಆಚೆಯ ಆಸ್ಪತ್ರೆಯ ಹೆಂಚಿನ ಮೇಲೆ ಬಿತ್ತು. ಅಮಲ್ದಾರರು ನಿಧಾನವಾಗಿ ಹಿಂದೆ ತಿರುಗಿ ನೋಡಿದರು, ಮತ್ತೆ ನನ್ನ ಕಡೆ ನೋಡಿದರು.

"ಎತ್ತರ ಸರಿಯಾಗಿದೆ. ದೂರ ಸರಿಯಾಗಿದೆ. ಇನ್ನೊಂದು ಸಲ ಬ್ಯಾಟು ನಿನ್ನ ಹತ್ತಿರವೇ ಇಟ್ಕೊಂಡು ಹೊಡಿ."

೬. ಮಾವನ ಮನೆಯಲ್ಲಿ ಗಾಳಿ

ನಡುವೆ ಒಂದು ಭಾನುವಾರ ಕೃಷ್ಣರಾಜನಗರಕ್ಕೆ ಹೋಗಬೇಕಾಯಿತು. ಕೈ ಮರೆತುಹೋಗಬಾರದೆಂದು ಬೆಳಿಗ್ಗೆ ಎದ್ದು ಮಾವನ ಹಿತ್ತಲಲ್ಲಿ ಬರಿಗೈಯಲ್ಲಿ ಅಭ್ಯಾಸ ಮಾಡಿದೆ. ಅಡ್ಡ ತಿರುಗುವುದು, ಎಡಗೈ ಆಕಾಶಕ್ಕೆ ಎತ್ತುವುದು, ಏನೂ ಇಲ್ಲದ ಕಡೆ ನೋಡುವುದು, "ತಗೊಳ್ಳಿ ಸ್ವಾಮಿ" ಎಂದು ಕೈ ಬೀಸುವುದು. ಹಸು ಕರೆಯಲು ಬಂದ ಅತ್ತೆ ಚೆಂಬು ಅಲ್ಲೇ ಇಟ್ಟು ಒಳಗೆ ಓಡಿದರು.

ಮಾವ ಬಂದು ದೂರದಲ್ಲೇ ನಿಂತರು.

"ಅಳಿಯಂದ್ರೆ, ಯಾರ್ ಕುಟ್ಟೆ ಮಾತಾಡ್ತಿದ್ರಿ?"

"ಅಮಲ್ದಾರರ ಜೊತೆ ಮಾವ."

ಅರ್ಧ ಗಂಟೆಯಲ್ಲಿ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳೇ ಹೊರತು ನನ್ನ ಪರವಾಗಿ ಒಂದು ಮಾತು ಆಡಲಿಲ್ಲ. ಮಾವ ಕಾವೇರಿಯ ಆಚೆ ದಡದಿಂದ ತಾಯಿತ ಕಟ್ಟುವವನನ್ನು ಕರೆಸಿದರು. ಅವನು ನನ್ನ ನಾಡಿ ಹಿಡಿದು, ಕಣ್ಣರೆಪ್ಪೆ ಎತ್ತಿ ನೋಡಿ, ನನ್ನ ಉದ್ಯೋಗ ಏನೆಂದು ಕೇಳಿದ. ಕೇಳಿ ತಾಯಿತವನ್ನು ಚೀಲಕ್ಕೆ ವಾಪಸು ಹಾಕಿಕೊಂಡ.

"ಇದು ಅಧಿಕಾರಿ ಗಾಳಿ ಕಣ್ರಪ್ಪ. ತಾಯಿತಕ್ಕೆಲ್ಲ ಬಗ್ಗಾಕಿಲ್ಲ. ವರ್ಗ ಆದ್ರೇನೇ ಬುಡೋದು" ಅಂದ.

೭. ಹುಣಸೂರು

ಮ್ಯಾಚಿನ ದಿನ ಅಮಲ್ದಾರರು, ಡಾಕ್ಟರು, ನೆಟ್ಟು ಹೊತ್ತ ಜವಾನ, ನಾನು ಬಸ್ಸಿನಲ್ಲಿ ಹುಣಸೂರಿಗೆ ಹೋದೆವು. ಸಾಹೇಬರು ಬರಿದಲೆಯಲ್ಲಿ, ಮೊಣಕಾಲು ಕಾಣುವ ಚಡ್ಡಿಯಲ್ಲಿ ಬಂಗಲೆಯಿಂದ ಇಳಿದು ಬಂದರು. ನಾವು ಕೋಟು, ಕಚ್ಚೆ, ಪೇಟ. ನನ್ನ ಗಲ್ಲದ ಕೆಳಗಿನ ಲಾಡಿಯ ಗಂಟನ್ನು ನೋಡಿ ಅವರು ಬಹಳ ಹೊತ್ತು ಕೆಮ್ಮಿದರು. ಅವರ ಜೊತೆಗೆ ಆಡಲು ಹುಣಸೂರಿನ ಒಬ್ಬ ವಕೀಲರು.

ಆಟ ಶುರುವಾಯಿತು. ಹಕ್ಕಿ ಬಂತು, ನಾನು ಅಡ್ಡ ತಿರುಗಿ ಬೀರಿದೆ, ಬ್ಯಾಟು ಕೈಯಲ್ಲೇ ಉಳಿಯಿತು. ಹಕ್ಕಿ ಸಾಹೇಬರ ಕೊನೆಯ ಗೆರೆಗೆ ಹೋಗಿ ಇಳಿಯಿತು. ನನಗೇ ನಂಬಿಕೆ ಬರಲಿಲ್ಲ. ಆಮೇಲೆ ಬಂದದ್ದೆಲ್ಲ ಹಾಗೆಯೇ ಹೋಯಿತು. ಅಮಲ್ದಾರರಿಗೆ ಆಡಲು ಏನೂ ಉಳಿಯಲಿಲ್ಲ. ನೆಟ್ಟಿನ ಹತ್ತಿರ ನಿಂತು, ಪೇಟ ಹಿಡಿದುಕೊಂಡು, ತಲೆಯ ಮೇಲೆ ಹೋಗಿ ಬರುವ ಹಕ್ಕಿಯನ್ನು ನೋಡುತ್ತಿದ್ದರು.

ನಾವು ಗೆಲ್ಲಲು ಒಂದೇ ಪಾಯಿಂಟು ಉಳಿದಾಗ ಅವರು ಹಿಂದೆ ಬಂದು ಪಿಸುಗುಟ್ಟಿದರು. "ಸಾಕಯ್ಯ. ಸಾಹೇಬರನ್ನ ಸೋಲಿಸಿಬಿಟ್ಟೀಯ. ಇದೊಂದು ಬಿಟ್ಟುಕೊಡು."

ಬಿಟ್ಟುಕೊಡಬೇಕೆಂದೇ ಇದ್ದೆ. ಆದರೆ ಹಕ್ಕಿ ತಲೆಯ ಮೇಲೆ ಬಂದ ಹೊತ್ತಿಗೆ ಬೇಲಿಯ ಕಡೆಯಿಂದ ಆ ಪರಿಚಿತ ದನಿ ಕೇಳಿತು: "ಬೀರಿ ಬುದ್ಯೋರೆ!"

ನನ್ನ ಜನ್ಮದಲ್ಲಿ ಅಂಥ ಕ್ಲಿಯರ್ ಮತ್ತೆ ಹೊಡೆದಿಲ್ಲ. ಸಾಹೇಬರು ಮುಖ ಮೇಲೆತ್ತಿ ಹಿಂದೆ ಹೋದರು, ಇನ್ನೂ ಹಿಂದೆ ಹೋದರು, ಗೆರೆ ದಾಟಿದರು, ಕುದುರೆಗೆ ಹಾಕಿದ್ದ ಹುಲ್ಲಿನ ಮೆದೆಯೊಳಗೆ ಕಾಲು ಮೇಲಾಗಿ ಬಿದ್ದರು. ಹಕ್ಕಿ ಸರಿಯಾಗಿ ಗೆರೆಯ ಒಳಗೆ ಇಳಿಯಿತು.

"ಕೋಟೆಗೇ ಕಣಯ್ಯ ನೀನು. ನಾಳೆನೇ" ಎಂದರು ಅಮಲ್ದಾರರು ಹಲ್ಲು ಕಚ್ಚಿಕೊಂಡು. ನನ್ನ ಕಣ್ಣ ಮುಂದೆ ಬರೀ ಹೊಸಿಲು ಕಾಣಿಸಿತು, ಅದರ ಮೇಲೆ ಅವಳಿಲ್ಲ.

ಅಷ್ಟರಲ್ಲಿ ಹುಲ್ಲಿನೊಳಗಿಂದ ದನಿ ಬಂತು. "ಭೇಷ್!" ಸಾಹೇಬರು ಕೂದಲಲ್ಲಿ ಹುಲ್ಲು ಸಿಕ್ಕಿಸಿಕೊಂಡೇ ಎದ್ದು ಬಂದು ನನ್ನ ಬೆನ್ನು ತಟ್ಟಿದರು. "ಇಂಥ ಕ್ಲಿಯರ್ ಮೈಸೂರಲ್ಲೂ ನೋಡಿಲ್ಲ. ಏನು ಬೇಕು ಕೇಳು, ನನ್ನ ಕೈಯಲ್ಲಾದರೆ ಮಾಡಿಕೊಡ್ತೀನಿ."

ಇದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೆ ಸಿಕ್ಕೀತು? ‘ಕೋಟೆಗೆ ಮಾತ್ರ ಬೇಡ ಸ್ವಾಮಿ’ ಎಂದುಬಿಟ್ಟರೆ ಮುಗಿಯಿತು. ಆದರೆ ಒಂದು ಗಂಟೆ ಆಡಿ ಎದೆ ಕಮ್ಮಾರನ ತಿದಿಯಂತೆ ಏರಿಳಿಯುತ್ತಿತ್ತು, ಗಲ್ಲದ ಕೆಳಗೆ ಲಾಡಿ ಬಿಗಿದಿತ್ತು.

"ಕೋಟೆಗೆ..." ಅಂದೆ. ಉಸಿರು ಸಿಕ್ಕಿಕೊಂಡಿತು. ಮತ್ತೆ ಪ್ರಯತ್ನ ಮಾಡಿದೆ. "ಕೋಟೆಗೆ ಸ್ವಾಮಿ, ಕೋಟೆಗೆ..."

ಸಾಹೇಬರ ಕಣ್ಣು ಅಗಲವಾಯಿತು. "ಕೋಟೆಗಾ? ಅಮಲ್ದಾರರೇ, ನೋಡಿದ್ರಾ? ಬಾಯಿಬಿಟ್ಟು ಕೋಟೆ ಕೇಳಿದ ಗುಮಾಸ್ತನ್ನ ನನ್ನ ಸರ್ವೀಸಲ್ಲಿ ಇವತ್ತೇ ಕಂಡದ್ದು! ಅಲ್ಲಿನ ಕಾಕನಕೋಟೆ ಕಾಡಿಗೆ ಕ್ಯಾಂಪ್ ಹೋದಾಗೆಲ್ಲ ನನಗೆ ಜೊತೆಗೆ ಆಡೋಕೆ ಒಬ್ಬರಿಲ್ಲ. ನಾಳೆಯೇ ಆರ್ಡರು!"

ನನ್ನ ಬಾಯಿಗೆ "ಬೇಡ" ಬಂದದ್ದು ಪಿರಿಯಾಪಟ್ಟಣಕ್ಕೆ ವಾಪಸು ಬರುವ ಬಸ್ಸಿನಲ್ಲಿ.

ಮಾವ ಸುದ್ದಿ ಕೇಳಿ ಗಾಡಿ ಕಟ್ಟಿಸಿಕೊಂಡೇ ಬಂದರು. ಮಗಳು ಗಾಡಿಗೆ ಸಾಮಾನು ತುಂಬುವುದನ್ನು ನಾನು ಅಳುಮುಖ ಹಾಕಿಕೊಂಡು ನೋಡುತ್ತಿದ್ದೆ. ಎಲ್ಲ ತುಂಬಿಯಾದ ಮೇಲೆ ನೋಡುತ್ತೇನೆ, ನನ್ನ ಟ್ರಂಕೂ ಅದರಲ್ಲೇ ಇದೆ.

"ಅಪ್ಪ, ಗಾಡಿ ಕೋಟೆ ಕಡೆ ತಿರುಗ್ಸು" ಅಂದಳು. "ಅಲ್ಲಿ ಇವ್ರಿಗೆ ಕುಲಾವಿ ಕಟ್ಟೋರ್ಯಾರು?"

ಕೋಟೆಗೆ ಬಂದ ದಿನವೇ, ನನ್ನನ್ನು ದಯವಿಟ್ಟು ಬೇರೆ ಎಲ್ಲಿಗಾದರೂ ವರ್ಗ ಮಾಡಬೇಕೆಂದು ಅರ್ಜಿ ಬರೆದು ಕಳಿಸಿದೆ. ಅದೇ ವಾರ ಸಾಹೇಬರ ಕ್ಯಾಂಪು ಬಂತು. ಕಾಕನಕೋಟೆಯ ಕಾಡಿನ ನಡುವೆ, ಆಕಾಶ ಕಾಣದ ಹಾಗೆ ಬೆಳೆದ ತೇಗದ ಮರಗಳ ಕೆಳಗೆ ನೆಟ್ಟು ಕಟ್ಟಿದ್ದರು. ಸಾಹೇಬರು ಹೊಡೆದರು. ನಾನು ಅಡ್ಡ ತಿರುಗಿ, ಎಡಗೈ ಎತ್ತಿ, ಕೈ ಪೂರಾ ಚಾಚಿ ಬೀರಿದೆ.

ಹಕ್ಕಿ ಮೇಲಕ್ಕೆ ಹೋಯಿತು. ಹಿಂದಕ್ಕೆ ಹೋಯಿತು. ಸಾಹೇಬರು ಕೊನೆಯ ಗೆರೆಯಲ್ಲಿ ಬ್ಯಾಟು ಎತ್ತಿ ಬಹಳ ಹೊತ್ತು ಕಾದರು.

ಕೆಳಗೆ ಬರಲೇ ಇಲ್ಲ. ಹಕ್ಕಿಯೂ, ಅರ್ಜಿಯೂ.